ಒಡಂಬಡಿಕೆಯ ಕಡತ, ಮೈಲುತುತ್ತದ ಡ್ರಮ್ಮು

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚಿನ ವಾರ ಯಾವ ಕಾಲೇಜಿಗೆ ಹೋದರೂ ಗೋಡೆಗಳಿಂದ ಹಸಿ ಬಣ್ಣದ ವಾಸನೆ ಬರುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ವಾರ, ಹೆಸರು ಬೇಡ, ಒಂದು ಕಾಲೇಜಿನ ಗುಣಮಟ್ಟ ಘಟಕದ (ಐಕ್ಯೂಎಸಿ) ಕೋಣೆಯಲ್ಲಿ ಕೂತಿದ್ದೆ. ಮೇಜಿನ ಮೇಲೆ ನೀಲಿ ಬಾಕ್ಸ್ ಫೈಲು. ಅದರ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ‘ಎಂಒಯು – ಇಂಟರ್‌ನ್ಯಾಷನಲ್’ ಎಂದು ಬರೆದಿತ್ತು. ಒಳಗೆ ಪ್ಲಾಸ್ಟಿಕ್ ಹಾಳೆಗಳಲ್ಲಿ ಒಂದೊಂದೇ ಒಡಂಬಡಿಕೆ: ಮಲೇಷ್ಯಾದ್ದೊಂದು, ಪೋಲೆಂಡಿನದೊಂದು, ಅಮೆರಿಕದ್ದೆರಡು. ಪ್ರತಿಯೊಂದರ ಹಿಂದೆಯೂ ಜಿಯೋಟ್ಯಾಗ್ ಮಾಡಿದ ಫೋಟೊ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಇದರಲ್ಲಿ ಈಗ ನಡೆಯುತ್ತಿರುವುದು ಯಾವುದು ಎಂದು ಸಂಯೋಜಕರನ್ನು ಕೇಳಿದೆ. ‘ಎಲ್ಲಾ ಫಂಕ್ಷನಲ್ಲೇ ಸರ್, ಒಂದೊಂದಕ್ಕೂ ಒಂದೊಂದು ವೆಬಿನಾರ್ ಮಾಡಿದೀವಲ್ಲ’ ಎಂದರು.

ಅವರನ್ನು ದೂರಿ ಪ್ರಯೋಜನವಿಲ್ಲ. ನ್ಯಾಕ್ ನಮೂನೆಯಲ್ಲಿ ಕೇಳಿದ್ದು ಸಂಖ್ಯೆ, ಅವರು ಕೊಟ್ಟಿದ್ದೂ ಸಂಖ್ಯೆ. ನನ್ನ ತಕರಾರು ಆ ನಮೂನೆಯ ಹಿಂದಿರುವ ನಂಬಿಕೆಯ ಬಗ್ಗೆ. ವಿದೇಶದ ದೊಡ್ಡ ವಿಶ್ವವಿದ್ಯಾಲಯವೊಂದು ಕೈ ಹಿಡಿದರೆ ನಮ್ಮದೂ ಮೇಲೆ ಬರುತ್ತದೆ, ಹಿಡಿದ ಕೈ ಎಷ್ಟು ದೊಡ್ಡದೋ ಲಾಭವೂ ಅಷ್ಟೇ ದೊಡ್ಡದು, ಜ್ಞಾನವೆನ್ನುವುದು ನಾಲೆಯ ನೀರಿನ ಹಾಗೆ ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬ ನಂಬಿಕೆ ಅದು. ಮಂತ್ರಿಗಳಿಗೂ ಕುಲಪತಿಗಳಿಗೂ ತಂದೆತಾಯಿಗಳಿಗೂ ಪತ್ರಿಕೆಗಳಿಗೂ ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಿಯಮಗಳೂ ಇದರ ಮೇಲೆಯೇ ನಿಂತಿವೆ. ಜಂಟಿ ಪದವಿ ಕೊಡಬೇಕಾದರೆ ವಿದೇಶಿ ಸಂಸ್ಥೆ ಜಾಗತಿಕ ರ‍್ಯಾಂಕಿಂಗಿನ ಮೊದಲ 1000ದೊಳಗಿರಬೇಕು ಎಂದು ಯುಜಿಸಿ 2022ರಲ್ಲಿ ಹೇಳಿತು. ಇಲ್ಲಿ ಕ್ಯಾಂಪಸ್ ತೆರೆಯಬೇಕಾದರೆ ಮೊದಲ 500ರೊಳಗಿರಬೇಕು ಎಂದು 2023ರಲ್ಲಿ ಹೇಳಿತು. 2020ರ ಶಿಕ್ಷಣ ನೀತಿಯಲ್ಲಿ ಈ ಮಾತು ಮೊದಲ 100ರ ಬಗ್ಗೆ ಇತ್ತು. ಮೂರೇ ವರ್ಷದಲ್ಲಿ ನೂರು ಐನೂರಾದದ್ದು ಹೇಗೆ ಎಂಬುದು ಬೇರೆಯೇ ಕಥೆ.

ನಮ್ಮ ನೆಲದ ಚರಿತ್ರೆ ಈ ನಂಬಿಕೆಗೆ ಸಾಕ್ಷಿ ಹೇಳುವುದಿಲ್ಲ. ಹೊರಗಿನ ವಿದ್ಯೆ ಇಲ್ಲಿ ನಿಜವಾಗಿ ಬೇರು ಬಿಟ್ಟ ಕಡೆಗಳಲ್ಲೆಲ್ಲ ತಂದವರ ಘನತೆ ಹೆಚ್ಚೇನೂ ಕೆಲಸ ಮಾಡಿಲ್ಲ. ಕೆಲಸ ಮಾಡಿದ್ದು ಪ್ರಶ್ನೆ ಯಾರದು ಎಂಬುದು. ಇದಕ್ಕೆ ನನ್ನ ಮೊದಲ ಸಾಕ್ಷಿ ಒಂದು ಪ್ಲಾಸ್ಟಿಕ್ ಡ್ರಮ್ಮು.

ಮಲೆನಾಡಿನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುತ್ತಾರೆ. ಒಂದು ಡ್ರಮ್ಮಿನಲ್ಲಿ ಒಂದು ಕಿಲೊ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಒಂದು ಕಿಲೊ ಸುಣ್ಣ ಕದಡಿ, ಎರಡನ್ನೂ ಸೇರಿಸಿದರೆ ನೂರು ಲೀಟರ್ ತಿಳಿನೀಲಿ ದ್ರಾವಣ ಸಿಗುತ್ತದೆ. ಸುಣ್ಣ ಸಾಲದಿದ್ದರೆ ಎಳೆಯ ಕಾಯಿ ಸುಡುತ್ತದೆ. ಅದಕ್ಕೇ ಹೊಳೆಯುವ ಚಾಕುವೊಂದನ್ನು ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ನೋಡುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿತೋ, ಇನ್ನೊಂದಿಷ್ಟು ಸುಣ್ಣ. ಹತ್ತಲಿಲ್ಲವೋ, ಕೊನೆಗೌಡ ಪೈಪು ಹಿಡಿದು ಮರ ಏರುತ್ತಾನೆ. ನಾನು ಹುಡುಗನಾಗಿದ್ದಾಗ ಚಾಕು ಅದ್ದುವ ಕೆಲಸ ನನ್ನದಾಗಿತ್ತು. ಆ ‘ಬೋರ್ಡೋ’ ದ್ರಾವಣದ ಹೆಸರು ಒಂದು ಊರಿನದೆಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಬೆಳೆಗಾರರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ವಿಷದ ಹಾಗೆ ಕಾಣಬೇಕು, ಬಾಯಿಗಿಟ್ಟರೆ ಕಹಿಯಾಗಬೇಕು, ಉದ್ದೇಶ ಅಷ್ಟೇ. 1880ರ ದಶಕದಲ್ಲಿ ಅಮೆರಿಕದಿಂದ ಬಂದ ಬೂಜುರೋಗವೊಂದು ಫ್ರಾನ್ಸಿನ ದ್ರಾಕ್ಷಿಯನ್ನೆಲ್ಲ ಬೋಳು ಮಾಡುತ್ತಿದ್ದಾಗ, ರಸ್ತೆ ಬದಿಯ ಸಾಲುಗಳು ಮಾತ್ರ ಎಲೆ ಉಳಿಸಿಕೊಂಡಿದ್ದನ್ನು ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಮೇಷ್ಟ್ರು ಮಿಯಾರ್ಡೆ ಕಂಡರು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರಿಗೆಂದು ಮಾಡಿದ ಉಪಾಯ ವಿಜ್ಞಾನವಾಯಿತು. ಇಲ್ಲಿ ಎತ್ತರ ಯಾವುದು, ತಗ್ಗು ಯಾವುದು?

ಆ ದ್ರಾವಣವನ್ನು ಅಡಿಕೆ ಮರಕ್ಕೆ ಏರಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದ ಒಂಟಾರಿಯೊದವರು, ಟೊರಾಂಟೊದಲ್ಲಿ ಓದಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅವರ ಮುಂದೆ ಬಂದು ನಿಂತ ಪ್ರಶ್ನೆ ಅವರ ಪ್ರಬಂಧದ್ದಾಗಿರಲಿಲ್ಲ, ತೋಟಿಗರದಾಗಿತ್ತು: ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ. ತೋಟಿಗರೇನೂ ಕೈಕಟ್ಟಿ ಕೂತಿರಲಿಲ್ಲ. ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು, ಮರ ಹತ್ತಿ, ಒಂದೊಂದು ಕೊನೆಗೂ ಕೊಡೆ ಹಿಡಿದ ಹಾಗೆ ಕಟ್ಟುತ್ತಿದ್ದರು. ಅಂದರೆ ರೋಗಕ್ಕೂ ಮಳೆಗೂ ನಂಟಿದೆ, ಕಾಯಿಯನ್ನು ಒದ್ದೆಯಾಗದಂತೆ ಕಾದರೆ ಬದುಕುತ್ತದೆ ಎಂಬುದು ಅವರಿಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಕಣ್ಣಿಗೆ ಕಾಣದ ಶಿಲೀಂಧ್ರದ ಬಾಳು. ಕೋಲ್ಮನ್ ಅದನ್ನು ಸೂಕ್ಷ್ಮದರ್ಶಕದಡಿ ಹಿಡಿದು 1910ರಲ್ಲಿ ಕೊಳೆರೋಗದ ಮೇಲೆ ಇಲಾಖೆಯ ಬುಲೆಟಿನ್ ತಂದರು. ಶೀರ್ಷಿಕೆಯಲ್ಲೇ ‘ಕೊಳೆರೋಗ’ ಎಂಬ ಕನ್ನಡದ ಪದವಿತ್ತು; ಅದು ಹಾಗೇ ಜಗತ್ತಿನ ಸಸ್ಯರೋಗಶಾಸ್ತ್ರದ ಪುಸ್ತಕಗಳಿಗೂ ಹೋಯಿತು. ಫ್ರಾನ್ಸಿನ ಔಷಧಿ ಆಗುಂಬೆ ಕಡೆಯ ಮಳೆಗೆ ಒಂದು ದಿನವೂ ನಿಲ್ಲುವಂಥದ್ದಲ್ಲವಾದ್ದರಿಂದ ರಾಳ ಮತ್ತು ಸೋಡಾ ಸೇರಿಸಿ ಅಂಟುವ ಹಾಗೆ ಮಾಡಿದರು. ಎರಡೂವರೆ ದಶಕ ಇಲ್ಲೇ ಇದ್ದರು, ಕೃಷಿ ನಿರ್ದೇಶಕರಾದರು, 1934ರ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಮರಳಿದರು.

ಒಂದು ವಿವರ ಮರೆಯಬಾರದು. ಕೋಲ್ಮನ್ನರ ಸಂಬಳ ಕೊಟ್ಟದ್ದು ಮೈಸೂರು ಖಜಾನೆ. ಈ ಸಂಬಳದ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ಎರಡನೆಯ ಸಾಕ್ಷಿ ಹೆಬ್ಬಾಳ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಶುರುವಾದಾಗ ಪಕ್ಕದಲ್ಲಿ ನಿಂತದ್ದು ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯ. ಹಾರ್ವರ್ಡ್ ಅಲ್ಲ, ಪ್ರಿನ್ಸ್‌ಟನ್ ಅಲ್ಲ. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾನೂನಿನಡಿ ಸರ್ಕಾರಿ ಜಮೀನು ಮಾರಿದ ಹಣದಿಂದ ಬೆಳೆದ ‘ಭೂದತ್ತಿ’ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಒಕ್ಕಲುಮಕ್ಕಳಿಗೆ ಬೇಸಾಯ, ಯಂತ್ರವಿದ್ಯೆ ಕಲಿಸುವುದು ಅವುಗಳ ಕಸುಬು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಬಡದೇಶಗಳಿಗೆ ತಾಂತ್ರಿಕ ನೆರವಿನ ಮಾತಾಡಿದ ಮೇಲೆ ಇಂಥ ಹಲವು ವಿಶ್ವವಿದ್ಯಾಲಯಗಳು ಭಾರತದ ಒಂದೊಂದು ಸೀಮೆಯನ್ನು ವಹಿಸಿಕೊಂಡವು. 1960ರಲ್ಲಿ ತೆರೆದ ಪಂತನಗರದ ಕೃಷಿ ವಿಶ್ವವಿದ್ಯಾಲಯಕ್ಕೆ ಇಲಿನಾಯ್, ಪಂಜಾಬಿಗೆ ಒಹಾಯೊ, ನಮಗೆ ಟೆನೆಸ್ಸೀ. ಅವತ್ತು ರ‍್ಯಾಂಕಿಂಗಿನ ಪಟ್ಟಿ ಇರಲಿಲ್ಲ. ಇದ್ದಿದ್ದರೆ ಯಾವನೋ ಅಧೀನ ಕಾರ್ಯದರ್ಶಿ ‘ಇದಕ್ಕಿಂತ ಮೇಲಿನದು ಸಿಗಲಿಲ್ಲವೇ?’ ಎಂದು ಕಡತದ ಅಂಚಿನಲ್ಲಿ ಬರೆಯುತ್ತಿದ್ದನೇನೊ.

ಅಮೆರಿಕದವರು ಬಂದು ವಿಶ್ವವಿದ್ಯಾಲಯ ಕಟ್ಟಿಕೊಟ್ಟರು ಎಂಬ ಮಾತೂ ಪೂರ್ತಿ ಸರಿಯಲ್ಲ. ಹಳ್ಳಿಗಾಡಿಗೆಂದೇ ಬೇರೆ ವಿಶ್ವವಿದ್ಯಾಲಯಗಳು ಬೇಕೆಂದು 1948-49ರ ರಾಧಾಕೃಷ್ಣನ್ ಆಯೋಗ ಹೇಳಿತ್ತು. ಮೈಸೂರು ಶಾಸನಸಭೆ ಕಾನೂನು ಮಾಡಿತ್ತು. ಮೊದಲ ಕುಲಪತಿ ಕೆ.ಸಿ. ನಾಯಕ್ ಅದನ್ನು ನಡೆಸಿದರು. ಪಾಠ, ಸಂಶೋಧನೆ, ರೈತರ ಬಳಿಗೆ ಒಯ್ಯುವ ವಿಸ್ತರಣೆ ಮೂರೂ ಒಂದೇ ಮನೆಯಲ್ಲಿರಬೇಕು ಎಂಬುದು ಹೊರಗಿನಿಂದ ಬಂದ ವಿಚಾರ. ಒಳ್ಳೆಯ ವಿಚಾರವೇ. ಆದರೆ ಅದು ಇಲ್ಲಿ ಅರ್ಧಂಬರ್ಧ ನಾಟಿತು. ವಿಸ್ತರಣೆಯ ದೊಡ್ಡ ಪಾಲನ್ನು ರಾಜ್ಯದ ಕೃಷಿ ಇಲಾಖೆ ಬಿಟ್ಟುಕೊಡಲಿಲ್ಲ. ದೇಶದ ಬಹುಪಾಲು ಕಡೆ ಹೀಗೇ ಆಯಿತು. ಟೆನೆಸ್ಸೀಯಲ್ಲಿ ವಿಸ್ತರಣಾಧಿಕಾರಿಯ ಭಾಷೆಯೂ ರೈತನ ಭಾಷೆಯೂ ಒಂದೇ. ಇಲ್ಲಿ ತರಗತಿ ಇಂಗ್ಲಿಷಿನಲ್ಲಿ, ಹೊಲ ಕನ್ನಡದಲ್ಲಿ. ಈ ಕಂದಕ ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ, ಏಕೆಂದರೆ ಒಪ್ಪಂದ ಬರೆದವರಿಗೆ ಅದು ಕಾಣುವ ಜಾಗದಲ್ಲಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದ ಧೂಳಿನಲ್ಲಿ, ಮಳಿಗೆಯಿಂದ ಮಳಿಗೆಗೆ ನಡೆಯುತ್ತ, ಕರಪತ್ರವನ್ನು ಮಡಚಿ ಜೇಬಿಗೆ ತುರುಕಿಕೊಂಡು ‘ಅದೆಲ್ಲ ಇರ್ಲಿ ಸ್ವಾಮಿ, ಬೀಜ ಎಲ್ಲಿ ಸಿಗ್ತದೆ ಹೇಳಿ’ ಎಂದು ಕೇಳುವ ರೈತರನ್ನು ನೋಡಿದರೆ ಆ ಕಂದಕ ಇನ್ನೂ ಎಷ್ಟು ಅಗಲವಿದೆಯೆಂದು ತಿಳಿಯುತ್ತದೆ.

ಬೀಜ ಅಂದದ್ದರಿಂದ ರಾಗಿಯ ವಿಷಯ ಹೇಳಬೇಕು. ನನ್ನ ಮಟ್ಟಿಗೆ ಮೈಸೂರು ಸೀಮೆ ಕಂಡ ಅತಿದೊಡ್ಡ ಅಂತರರಾಷ್ಟ್ರೀಯ ಸಹಭಾಗಿತ್ವ ಯಾವ ಒಡಂಬಡಿಕೆಯೂ ಇಲ್ಲದೆ ನಡೆದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿದರು. ಹೇಳುವುದು ಸುಲಭ. ರಾಗಿಯ ಹೂ ಕಣ್ಣಿಗೆ ಹತ್ತದಷ್ಟು ಸಣ್ಣದು, ತನ್ನೊಳಗೆ ತಾನೇ ಪರಾಗ ಮುಗಿಸಿಕೊಳ್ಳುವ ಜಾತಿ. ಎರಡು ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಅಪ್ಪಿತಪ್ಪಿ ಆಚೆಯ ಪರಾಗ ಈಚೆಗೆ ಬಿದ್ದ ಬೆರಕೆಗಾಗಿ ಸಾವಿರಾರು ಪೈರುಗಳ ನಡುವೆ ಹುಡುಕಬೇಕು. ಅದಕ್ಕೆ ಬೇಕಾದದ್ದು ಕಣ್ಣು, ತಾಳ್ಮೆ, ಬದುವಿನ ಮೇಲೆ ಕಳೆದ ವರ್ಷಗಳು. ಹುಟ್ಟಿದ ತಳಿಗಳಿಗೆ ‘ಇಂಡಾಫ್’ ಎಂದು ಹೆಸರು: ಇಂಡಿಯಾದ ಇಂಡ್, ಆಫ್ರಿಕಾದ ಆಫ್. 1970ರ ದಶಕದಿಂದ ಈಚೆಗೆ ಇಂಡಾಫ್ ಐದು, ಎಂಟು, ಒಂಬತ್ತು ಎಂದು ರೈತರ ಬಾಯಲ್ಲಿ ಸಂಖ್ಯೆಗಳಾಗಿ ಓಡಾಡಿದವು. ಈಗ ವ್ಯಾಪಕವಾಗಿ ಬೆಳೆಯುವ, ಬೆಂಕಿರೋಗ ತಡೆಯುವ ಜಿಪಿಯು 28ರ ವಂಶದಲ್ಲೂ ಇಂಡಾಫ್ ಇದೆ.

ಇಲ್ಲಿ ಕೊಟ್ಟವರು ಯಾರು? ಯಾವ ರ‍್ಯಾಂಕಿಂಗಿನಲ್ಲೂ ಹುಡುಕಿದರೆ ಸಿಗದ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಹೆಂಗಸರು, ಗಂಡಸರು. ತಲೆಮಾರುಗಳಿಂದ ಬೀಜ ಆರಿಸಿ ಇಟ್ಟುಕೊಂಡು ಬಂದವರು. ರಾಗಿ ಎಂಬ ಬೆಳೆಯೇ ಅಲ್ಲಿಂದ ಬಂದದ್ದು, ಸಾವಿರಾರು ವರ್ಷಗಳ ಹಿಂದೆ. ಎರಡನೆಯ ಸಲವೂ ಅಲ್ಲಿಂದಲೇ ಬಂತು. ಅವರಿಗೆ ನಾವು ಸಲ್ಲಿಸಿದ ಕೃತಜ್ಞತೆ ‘ಆಫ್’ ಎಂಬ ಒಂದೂವರೆ ಅಕ್ಷರ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಹೇಳುವಾಗ ನನ್ನ ಎಡಗಡೆ ಕೂತ ಗೆಳೆಯರು ತಲೆದೂಗುತ್ತಿರುತ್ತಾರೆ. ಅವರದ್ದೂ ಒಂದು ಸಿದ್ಧ ಅಭಿಪ್ರಾಯವಿದೆ: ಟೆನೆಸ್ಸೀ, ಇಲಿನಾಯ್ ಎಲ್ಲವೂ ಶೀತಲ ಸಮರದ ಕೈಚಳಕ, ನೆರವೆಂಬುದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಉದ್ದೇಶದ ಬಗ್ಗೆ ಅವರು ಹೇಳುವುದು ನಿಜ. ಹಸಿದ ರೈತ ಕಮ್ಯುನಿಸ್ಟ್ ಆಗುತ್ತಾನೆಂಬ ಭಯ ವಾಷಿಂಗ್ಟನ್ನಿನಲ್ಲಿ ಇದ್ದೇ ಇತ್ತು. ಆದರೆ ಉದ್ದೇಶ ನೋಡಿ ಫಲ ಅಳೆಯಲಾಗುವುದಿಲ್ಲ. 1971ರ ಯುದ್ಧದ ಹೊತ್ತಿಗೆ ದೆಹಲಿ-ವಾಷಿಂಗ್ಟನ್ ಸಂಬಂಧ ಹಳಸಿ, ಅಮೆರಿಕದ ಪ್ರಾಧ್ಯಾಪಕರು ಗಂಟುಮೂಟೆ ಕಟ್ಟಿದರು. ಹೆಬ್ಬಾಳ ಮುಚ್ಚಿತೇ? ಪಂತನಗರ ಮುಚ್ಚಿತೇ? ಇಲ್ಲ. ಮೇಷ್ಟ್ರುಗಳ ಸಂಬಳ ರಾಜ್ಯದ ಬಜೆಟ್ಟಿನಿಂದ ಬರುತ್ತಿತ್ತು, ಹುದ್ದೆಗಳು ಇಲ್ಲಿಯವಾಗಿದ್ದವು.

ಇದರ ಎದುರಿಗೆ ಈಚಿನದೊಂದನ್ನು ಇಟ್ಟು ನೋಡಿ. ಪಂತನಗರಕ್ಕೆ ನೆರವಾದ ಅದೇ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಆಫ್ರಿಕಾದ ರೈತರಿಗಾಗಿ ಸೋಯಾ ಅವರೆಯ ಮೇಲೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದಿತ್ತು. ದುಡ್ಡು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನದು. 2025ರ ಆರಂಭದಲ್ಲಿ ಟ್ರಂಪ್ ಸರ್ಕಾರ ಆ ಸಂಸ್ಥೆಯ ಬುಡಕ್ಕೇ ಕೊಡಲಿ ಹಾಕಿದಾಗ ಈ ಪ್ರಯೋಗಾಲಯಕ್ಕೂ ಬೀಗ ಬೀಳುವ ಸ್ಥಿತಿ ಬಂತು; ಆಮೇಲೆ ಹೆಸರು ಹೇಳಲೊಲ್ಲದ ದಾನಿಯೊಬ್ಬರಿಂದ ಒಂದಿಷ್ಟು ಉಸಿರು ಸಿಕ್ಕಿತು. ಅದೇ ವರ್ಷದ ಮಾರ್ಚಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 80 ಕೋಟಿ ಡಾಲರ್ ನೆರವು ಕಳೆದುಕೊಂಡು ದೇಶವಿದೇಶಗಳಲ್ಲಿ 2000ಕ್ಕೂ ಹೆಚ್ಚು ಜನರ ಕೆಲಸ ತೆಗೆಯಿತು. ಬ್ರಿಟನ್ನಿನವರು ಇದನ್ನು ಮೊದಲೇ ಮಾಡಿ ತೋರಿಸಿದ್ದರು. ನೆರವಿನ ಬಜೆಟ್ ಕತ್ತರಿಸಿದ್ದರಿಂದ 2021ರ ಮಾರ್ಚಿನಲ್ಲಿ ಅಲ್ಲಿಯ ಸಂಶೋಧನಾ ಮಂಡಳಿಗೆ 12 ಕೋಟಿ ಪೌಂಡ್ ಕೊರತೆ ಬಿತ್ತು. ಬಡದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ನಡುನೀರಿನಲ್ಲಿದ್ದ ಯೋಜನೆಗಳಿಗೆ ಹಣ ಕಡಿತದ ಪತ್ರ ಹೋಯಿತು. ‘ಸಮಾನ ಸಹಭಾಗಿಗಳು’ ಎಂಬ ಪದ ಆ ಯೋಜನೆಗಳ ಅರ್ಜಿಗಳಲ್ಲಿ ಧಾರಾಳವಾಗಿತ್ತು. ಪತ್ರ ಬರೆದವರು ಒಬ್ಬರು, ಓದಿದವರು ಇನ್ನೊಬ್ಬರು. ಕೋಲ್ಮನ್ನರ ಸಂಬಳದ ಮಾತು ಎತ್ತಿದ್ದು ಇದಕ್ಕೇ: ದುಡ್ಡು ಯಾರದೋ ಕೊನೆಯ ಮಾತೂ ಅವರದೇ.

ಘನತೆಗೇ ಬೆಲೆಯಿಲ್ಲವೇ ಎಂದರೆ, ಕಾನ್ಪುರದ ಉತ್ತರ ನನ್ನ ವಾದಕ್ಕೆ ಸ್ವಲ್ಪ ತೊಡಕೇ. 1962ರಿಂದ ಹತ್ತು ವರ್ಷ ಕಾನ್ಪುರ ಐಐಟಿಗೆ ನೆರವಾದ ಒಂಬತ್ತು ಅಮೆರಿಕನ್ ಸಂಸ್ಥೆಗಳಲ್ಲಿ ಎಂಐಟಿ, ಕ್ಯಾಲ್‌ಟೆಕ್, ಪ್ರಿನ್ಸ್‌ಟನ್, ಬರ್ಕ್ಲಿ ಇದ್ದವು. 1963ರಲ್ಲೇ ಐಬಿಎಂ 1620 ಕಂಪ್ಯೂಟರ್ ಬಂತು. ದೇಶದಲ್ಲಿ ಕಂಪ್ಯೂಟರ್ ಶಿಕ್ಷಣ ಕಣ್ಣು ಬಿಟ್ಟ ಜಾಗಗಳಲ್ಲಿ ಅದು ಮುಖ್ಯವಾದದ್ದು; ನಾರಾಯಣ ಮೂರ್ತಿಯವರು ಅಲ್ಲೇ ಎಂ.ಟೆಕ್. ಮಾಡಿದರು, ಅದರ ಫಲವನ್ನು ಬೆಂಗಳೂರು ಉಂಡಿದೆ. ಒಪ್ಪುತ್ತೇನೆ. ಆದರೆ ಅಲ್ಲೂ ಪ್ರಶ್ನೆ ಏನಿತ್ತು ನೋಡಿ: ಜಗತ್ತಿನ ಮಟ್ಟದ ಎಂಜಿನಿಯರುಗಳನ್ನು ತಯಾರಿಸುವುದು ಹೇಗೆ? ಆ ಪ್ರಶ್ನೆಗೆ ಪೂರ್ತಿ ಅಂಕ. ತಯಾರಾದವರು ಎಲ್ಲಿ ಕೆಲಸ ಮಾಡಬೇಕು ಎಂಬುದು ಪ್ರಶ್ನೆಯ ಭಾಗವಾಗಿರಲಿಲ್ಲ. ಅವರಲ್ಲಿ ಬಹಳ ಮಂದಿ ಅದನ್ನು ತಾವೇ ತೀರ್ಮಾನಿಸಿಕೊಂಡು ವಿಮಾನ ಹತ್ತಿದರು.

ಈಗ ನಮ್ಮ ಊರಿನ ಸರದಿ. 2025ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವ ಸಂಪುಟದ ಉಪಸಮಿತಿಯೊಂದು ಹಿಂದಿನ ಸರ್ಕಾರ ತೆರೆದಿದ್ದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಶಿಫಾರಸು ಮಾಡಿತು. ಹಾಸನ, ಕೊಡಗು, ಕೊಪ್ಪಳ, ಹಾವೇರಿ, ಚಾಮರಾಜನಗರ ಆ ಪಟ್ಟಿಯಲ್ಲಿದ್ದವು. ದುಡ್ಡಿಲ್ಲ, ಜಾಗವಿಲ್ಲ, ಮೇಷ್ಟ್ರಿಲ್ಲ ಎಂಬುದು ಕಾರಣ. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಸಮ್ಮತಿಪತ್ರ ಸಿಕ್ಕಿತು. ಮೊದಲನೆಯದನ್ನು ಆಡಳಿತಾತ್ಮಕ ಸುಧಾರಣೆ ಎಂದೂ ಎರಡನೆಯದನ್ನು ಹೆಮ್ಮೆ ಎಂದೂ ಓದಿಕೊಂಡೆವು. ಒಂಬತ್ತನ್ನೂ ಉಳಿಸಬೇಕೆಂಬುದು ನನ್ನ ಹಟವಲ್ಲ. ಕಟ್ಟಡವೂ ಇಲ್ಲದೆ ಫಲಕ ತೂಗುಹಾಕಿದ್ದು ತಪ್ಪೇ. ಲಿವರ್‌ಪೂಲಿನವರು ವ್ಯಾಪಾರಕ್ಕೆ ಬಂದರೂ ಅದರಲ್ಲಿ ಅಪರಾಧವಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಹೊರದೇಶದ ವಿದ್ಯಾರ್ಥಿಗಳ ಶುಲ್ಕದ ಮೇಲೆ ನಿಂತಿವೆ. ಅಲ್ಲಿಗೆ ಹೋಗುವವರು ಕಡಿಮೆಯಾದರೆ ಅಂಗಡಿ ಇಲ್ಲಿಗೆ ಬರುತ್ತದೆ. ನನಗೆ ಕಸಿವಿಸಿ ಆಗುವುದು ಇದನ್ನು ನಾವು ‘ಜ್ಞಾನ ಸಹಭಾಗಿತ್ವ’ ಎಂದು ಕರೆದಾಗ. ಸಂತೆಗೆ ಸಂತೆ ಅಂದರೆ ಯಾರಿಗೂ ಅವಮಾನವಿಲ್ಲ.

ಬೇರೆಯವರನ್ನು ಅನ್ನುವ ಮುಂಚೆ ನಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಕು. 2023ರ ನವೆಂಬರಿನಿಂದ ಮದ್ರಾಸ್ ಐಐಟಿಯ ಕ್ಯಾಂಪಸ್ಸೊಂದು ಪೂರ್ವ ಆಫ್ರಿಕಾದ ಜಾಂಜಿಬಾರಿನಲ್ಲಿ ನಡೆಯುತ್ತಿದೆ. ಐಐಟಿಗಳಲ್ಲಿ ಹೊರದೇಶದ ಮೊದಲ ಕ್ಯಾಂಪಸ್ಸು ಅದು. ಅಂದರೆ ಈಗ ಕೊಡುವವರ ಕುರ್ಚಿಯಲ್ಲಿ ನಾವು ಕೂತಿದ್ದೇವೆ. ಲವಂಗದ ದ್ವೀಪ ಅದು. ಕರಾವಳಿಯಲ್ಲಿ ಹೆಂಗಸರು ಇಳಿತದ ನೀರಿನಲ್ಲಿ ಬಗ್ಗಿ ಕಡಲಪಾಚಿ ಬೆಳೆಯುತ್ತಾರೆ. ನಾವು ಅಲ್ಲಿ ಮೊದಲು ತೆರೆದ ಕೋರ್ಸು ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆ. ಅದೂ ಬೇಕು, ಅಲ್ಲಿಯ ಸರ್ಕಾರವೂ ಬೇಕೆಂದೇ ಕರೆದಿರಬಹುದು. ಆದರೂ ಕೊಳೆರೋಗದ ಬುಲೆಟಿನ್ನಿನಂಥದ್ದೊಂದು, ಸ್ವಾಹಿಲಿಯ ಒಂದು ಪದವನ್ನು ಶೀರ್ಷಿಕೆಯಲ್ಲಿ ಹೊತ್ತದ್ದು, ಅಲ್ಲಿಂದ ಹೊರಬಂದ ದಿನ ಆ ಕ್ಯಾಂಪಸ್ಸಿನ ಬಗ್ಗೆ ಇನ್ನೊಂದು ಲೇಖನ ಬರೆಯುತ್ತೇನೆ.

ಕಳೆದ ಮಳೆಗಾಲದ ಮುಂಚೆ ಊರಿಗೆ ಹೋಗಿದ್ದೆ. ಕೆಲವು ವರ್ಷಗಳಿಂದ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದೆ. ಸೋಗೆಯ ಮೇಲೆ ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ. ನೋಡನೋಡುತ್ತ ಇಡೀ ಮರದ ತಲೆ ಒಣಗುತ್ತದೆ. ಕೊಳೆರೋಗ ಬಂದರೆ ಆ ವರ್ಷದ ಫಸಲು ಹೋಗುತ್ತಿತ್ತು, ಇದು ಮರವನ್ನೇ ಕೇಳುತ್ತದೆ. ಪಕ್ಕದ ತೋಟದ ಹಿರಿಯರು ನೂರು ವರ್ಷದ ಹಳೆಯ ಔಷಧಿಯನ್ನೇ ಇದಕ್ಕೂ ಕಲಸುತ್ತಿದ್ದರು. ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವರು ತಲೆ ಎತ್ತಿ, ‘ಅಲ್ಲ ಮಾರಾಯ, ಬೆಂಗ್ಳೂರಿಗೆ ಇಂಗ್ಲೆಂಡಿನ ಯೂನಿವರ್ಸಿಟಿ ಬರ್ತದಂತಲ್ಲ, ಅದ್ರಲ್ಲಿ ಅಡಿಕೆಗೆ ಏನಾದ್ರೂ ಉಂಟಾ?’ ಎಂದರು.

ಬಿಸಿನೆಸ್ಸು, ಅಕೌಂಟ್ಸು, ಕಂಪ್ಯೂಟರ್ರು, ಬಯೋಮೆಡಿಕಲ್ಲು, ಗೇಮ್ ಡಿಸೈನು ಅಂತ ಪೇಪರಿನಲ್ಲಿ ಓದಿದ್ದನ್ನು ಹೇಳಿದೆ.

‘ಗೇಮಾ?’ ಎಂದು ಚಾಕು ಅದ್ದಿದರು. ಎತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ತುಸು ಕೆಂಪಿತ್ತು. ಬೊಗಸೆಯಲ್ಲಿ ಇನ್ನೊಂದಿಷ್ಟು ಸುಣ್ಣ ತೆಗೆದುಕೊಂಡರು.